ಗುಡ್ಡದ ಮೇಲಿನ ಕಲ್ಲುಬೆಂಚು

ಮನೆಯಿಂದ ಒಂದು ಗಂಟೆ ಡ್ರೈವ್ ಮಾಡಿದರೆ ಸಮುದ್ರ ಸಿಗುತ್ತದೆ. ಹಾಗಿದ್ದೂ ಸಮುದ್ರ ನೋಡಲು ಎರಡು ವಿಮಾನ ಬದಲಿಸಿ ಸಿಸಿಲಿ ದ್ವೀಪಕ್ಕೆ ಹೋಗುತ್ತೇನೆ ಎನ್ನುವವನನ್ನು ಏನೆನ್ನಬೇಕೋ ಅದನ್ನು ಅಮೆರಿಕದ ನಮ್ಮೂರು ವಾಲ್‌ನಟ್‌ನ ಸ್ನೇಹಿತರೆಲ್ಲ ಅಂದಾಗಿದೆ. ಅವರಿಗೆ ನನ್ನ ಉತ್ತರ ಒಂದೇ: ಇಲ್ಲಿಯ ಬೀಚಿನಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಸೂರ್ಯ ತನ್ನ ಕೆಲಸ ಮುಗಿಸಿರುತ್ತಾನೆ. ಸಿಸಿಲಿಯ ನನ್ನ ಊರಿನಲ್ಲಿ ಹಾಗಲ್ಲ. ಊರು ಗುಡ್ಡದ ಮೇಲೆ, ಬೀಚು ಕೆಳಗೆ. ಹಗಲೆಲ್ಲ ನೀರಿನಲ್ಲಿ ಬಿದ್ದಿದ್ದು ಸಂಜೆ ಬಸ್ಸಿನಲ್ಲಿ ಮೇಲೆ ಬಂದರೆ ಚರ್ಚಿನ ಹಿಂದೆ ಒಂದು ಕಲ್ಲುಬೆಂಚು. ಅದರ ಬೆನ್ನಿಗೆ ಬಿಸಿಲು ಹೀರಿದ ಗೋಡೆ. ಸೂರ್ಯ ಮುಳುಗಿದ ಮೇಲೂ ಬೆಚ್ಚಗಿರುತ್ತದೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವೂ ಹೊರಡುತ್ತೀರಿ, ಆಮೇಲೆ ಅಲ್ಲೂ ಪಾರ್ಕಿಂಗ್ ಸಿಗುವುದಿಲ್ಲ.

ಮದುವೆಗೆ ಮುಂಚೆ, ಇಲ್ಲೇ ಪಕ್ಕದ ಪೊಮೊನಾದಲ್ಲಿ ಓದುತ್ತಿದ್ದಾಗ, ಒಂದು ಸಮ್ಮೇಳನದಲ್ಲಿ ಪೇಪರ್ ಓದುವ ನೆಪದಲ್ಲಿ ನಾನು ಆ ಗುಡ್ಡದೂರಿನಲ್ಲಿ ನಾಲ್ಕು ದಿನ ಇದ್ದೆ. ಮದುವೆಯಾದ ವಾರದಲ್ಲೇ ಹೆಂಡತಿ ಜಯಂತಿಗೆ ಮಾತು ಕೊಟ್ಟೆ, ನಿನ್ನನ್ನು ಆ ಬೆಂಚಿನ ಮೇಲೆ ಕೂರಿಸಿಯೇ ಕೂರಿಸುತ್ತೇನೆ ಎಂದು. ಆಮೇಲೆ ಗ್ರೀನ್ ಕಾರ್ಡ್ ಬಂತು, ಮಗಳು ಬಂದಳು, ಮನೆ ಬಂತು, ಕೋವಿಡ್ ಬಂತು. ಸಿಸಿಲಿ ಮಾತ್ರ ಹಿಂದೆ ಹಿಂದೆ ಸರಿಯಿತು. ನಾನೇನೋ ಆಗಾಗ ಹೋಗಿ ಬರುತ್ತಿದ್ದೆ. ಕಚೇರಿಯ ಮೀಟಿಂಗು ಎರಡನೆಯ ಗಂಟೆಗೆ ಕಾಲಿಟ್ಟಾಗ ಕಣ್ಣು ಪರದೆಯ ಮೇಲಿಟ್ಟು, ಬೆನ್ನನ್ನು ಆ ಬೆಚ್ಚನೆಯ ಗೋಡೆಗೆ ಒರಗಿಸಿ ಕೂತುಬಿಡುತ್ತಿದ್ದೆ. ಅವಳಿಗೆ ಆ ಸೌಕರ್ಯವಿರಲಿಲ್ಲ. ಇಪ್ಪತ್ತೆರಡು ವರ್ಷ ಬರಿಯ ವರ್ಣನೆ ಕೇಳಿದಳು. ಈ ವರ್ಷ ಮಗಳು ಕಾಲೇಜಿಗೆ ಹೋದಳು. ಇಬ್ಬರಿಗೂ ಒಟ್ಟಿಗೆ ಎರಡು ವಾರದ ರಜೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಪ್ಲಾನಿಂಗಿಗೆ ಕೂತೆವು. ನಾನು ಲ್ಯಾಪ್‌ಟಾಪಿನಲ್ಲಿ ಮನೆ ಹುಡುಕುತ್ತಿದ್ದೆ. ಅವಳು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್ ಎಂದು ಪಟ್ಟಿ ಬರೆಯುತ್ತಿದ್ದಳು. ಎಷ್ಟು ಒಯ್ಯಬೇಕೆಂದು ಅಂದಾಜಿಗಾಗಿ ಕೇಳಿದಳು:

"ರೀ, ಅಲ್ಲಿ ನಾಲ್ಕು ದಿನ ನೀವೇನು ತಿಂದ್ರಿ?"

ಬೆಂಚು ನೆನಪಿದೆ, ಗೋಡೆ ನೆನಪಿದೆ, ಬಸ್ಸು ಎಷ್ಟು ಗಂಟೆಗೆ ಎಂಬುದೂ ನೆನಪಿದೆ. ತಿಂದದ್ದು ಒಂದೂ ನೆನಪಿಲ್ಲ. ಜಯಂತಿ ಪೆನ್ನು ಕೆಳಗಿಟ್ಟಳು. ಶಿಕಾಗೋದಲ್ಲಿ ಮೂವತ್ತು ವರ್ಷದ ಹಿಂದೆ ಸೂಪಿನಲ್ಲಿ ಕೋಳಿ ಸಿಕ್ಕಿದ್ದನ್ನು ಇನ್ನೂ ಹೇಳುವ ಮನುಷ್ಯ, ಮೊದಲ ಸಲ ಯುರೋಪಿಗೆ ಹೋದ ಸಸ್ಯಾಹಾರಿ, ನಾಲ್ಕು ದಿನ ಏನು ತಿಂದೆನೆಂಬುದನ್ನು ಮರೆಯುತ್ತಾನೆಯೇ ಎಂದು ಅವಳ ಪ್ರಶ್ನೆ. ನ್ಯಾಯವಾದದ್ದೇ. ನಮ್ಮ ಜನ ಪರದೇಶದಲ್ಲಿ ನೋಡಿದ್ದನ್ನು ಮರೆಯಬಹುದು, ಉಪವಾಸ ಬಿದ್ದದ್ದನ್ನು ಮರೆಯುವುದುಂಟೆ?

ಪುರಾವೆಯಿಲ್ಲದೆ ಏನನ್ನೂ ನಂಬಬಾರದು ಎಂಬುದೊಂದನ್ನೇ ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದು. ಹೋಗಿ ಹಳೆಯ ಪಾಸ್‌ಪೋರ್ಟ್ ಹುಡುಕಿ ತೆಗೆದೆ. ಯುರೋಪಿನ ಯಾವ ಮುದ್ರೆಯೂ ಇರಲಿಲ್ಲ. ಮುದ್ರೆ ಒತ್ತಲು ಮರೆತಿರಬಹುದು ಎಂದುಕೊಂಡೆ. ಬೇರೆಯವರ ವಿಷಯದಲ್ಲಿ ಇಂಥ ವಾದವನ್ನು ನಾನು ಒಂದು ಕ್ಷಣ ಸಹಿಸುವವನಲ್ಲ.

ಸಾಕ್ಷಿಯೊಬ್ಬನಿದ್ದ: ಆ ಪೇಪರನ್ನು ನನ್ನ ಜೊತೆ ಬರೆದ, ಆಗ ನನ್ನ ರೂಮ್‌ಮೇಟ್ ಆಗಿದ್ದ ಮೈಸೂರಿನ ಇರ್ಫಾನ್. ಈಗ ಅವನಿರುವುದು ಸ್ಯಾನ್ ಡಿಯೇಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ. ಮುಂದಿನ ಶನಿವಾರ ಅವನ ಮನೆಗೆ ಊಟಕ್ಕೆ ಹೋದೆವು. ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತ, ನಾವು ಸಿಸಿಲಿಯಲ್ಲಿ ಏನು ತಿಂದೆವೋ ನೆನಪಿದೆಯೇನೋ ಎಂದು ಹಗುರವಾಗಿ ಕೇಳಿದೆ.

"ನಾವು ಅಂದ್ರೆ? ನೀನೆಲ್ಲಿ ಬಂದಿದ್ದೆಯೋ?" ಎಂದ ಇರ್ಫಾನ್. "ಇಬ್ರೂ ಒಟ್ಟಿಗೆ ಅಪ್ಲೈ ಮಾಡಿದ್ವಿ, ನಂಗೆ ವೀಸಾ ಬಂತು, ನಿಂಗೆ ಬರ್ಲಿಲ್ಲ. ನೀನು ಬರೆದಿದ್ದ ಆರು ಪುಟದ ಐಟಿನರಿ ಹಿಡ್ಕೊಂಡು ಹೋದವನು ನಾನು."

ಆ ಆರು ಪುಟ ತಟ್ಟನೆ ಕಣ್ಣಮುಂದೆ ಬಂತು. ಭಾರತದ ಪಾಸ್‌ಪೋರ್ಟಿನವರು ವೀಸಾ ಕೇಳುವಾಗ ಯಾವ ದಿನ ಎಲ್ಲಿರುತ್ತೇವೆಂದು ಬರೆದುಕೊಡಬೇಕು. ಉಳಿದವರು ಹೋಟೆಲಿನ ಹೆಸರು ಬರೆದು ಸುಮ್ಮನಾಗುತ್ತಾರೆ. ನಾನು ಅಧಿಕಾರಿಯ ಮನಸ್ಸು ಕರಗಲಿ ಎಂದು, ಗ್ರಂಥಾಲಯದ ಪ್ರವಾಸದ ಪುಸ್ತಕಗಳನ್ನು ಹರಡಿಕೊಂಡು, ಸಂಜೆ ಆರಕ್ಕೆ ಬೆಂಚಿನ ಮೇಲೆ ಕೂರುವುದನ್ನೂ ಸೇರಿಸಿದ್ದೆ. ಊಟ ಬರೆದಿರಲಿಲ್ಲ. ಅದು ಅವರಿಗೇಕೆ?

"ಬೆಂಚಾದ್ರೂ ಇತ್ತೇನೋ?" ಎಂದೆ.

"ಆ ಬಿಸಿಲಲ್ಲಿ ಗುಡ್ಡ ಯಾರು ಹತ್ತುತ್ತಾರೋ ಮಾರಾಯ. ನಾನು ಬೀಚ್ ಬಿಟ್ಟು ಅಲ್ಲಾಡ್ಲಿಲ್ಲ."

ವಾಪಸು ಬರುವಾಗ ನನ್ನ ಬಳಿ ಜಯಂತಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಇಲ್ಲದ ನೆನಪಿಗೆ ಎರಡು ವಾರದ ರಜೆ ಏಕೆ, ಬೇಕಾದರೆ ಬಿಟ್ಟುಬಿಡೋಣ ಎಂದೆ. ಹಾಗನ್ನುವಾಗ ಯಾರೋ ಮನೆಯೊಂದನ್ನು ನನ್ನಿಂದ ಬಿಡಿಸಿಕೊಂಡಷ್ಟು ಸಂಕಟವಾಯಿತು.

"ಇಷ್ಟು ವರ್ಷ ಆ ಬೆಂಚಿನ ಮೇಲೆ ನಿಮ್ ಪಕ್ಕ ಯಾರು ಕೂತಿದ್ರೋ ಅಂತ ಒಂದು ಅನುಮಾನ ಇತ್ತು ನಂಗೆ," ಎಂದಳು. "ನೋಡಿದ್ರೆ ನೀವೇ ಇರ್ಲಿಲ್ಲ. ನಡೀರಿ, ಟಿಕೆಟ್ ಬುಕ್ ಮಾಡಿ."

ಬುಕ್ ಮಾಡಿದೆ. ಸೆಪ್ಟೆಂಬರಿನಲ್ಲಿ ಹೊರಡುತ್ತೇವೆ. ಈಗ ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟು, ಯಾರೂ ಐಟಿನರಿ ಕೇಳುವುದಿಲ್ಲ. ಜಯಂತಿಯ ಆಜ್ಞೆಯೂ ಆಗಿದೆ: ಆ ಊರಿನ ಬಗ್ಗೆ ನಾನು ಒಂದಕ್ಷರ ಓದುವಂತಿಲ್ಲ, ಒಂದು ಫೋಟೋ ನೋಡುವಂತಿಲ್ಲ. ಹೋಗಿಯೇ ನೋಡಬೇಕು. ಒಪ್ಪಿದ್ದೇನೆ. ಮೊನ್ನೆ ಒಂದೇ ಒಂದು ಸಲ ಬಸ್ಸಿನ ದಾರಿಯನ್ನು ಮ್ಯಾಪಿನಲ್ಲಿ ಕದ್ದು ನೋಡಿದೆ, ಅಷ್ಟೆ. ನಿನ್ನೆ ಊಟ ಮಾಡುತ್ತ ಅವಳಿಗೆ ಆ ದಾರಿಯ ತಿರುವುಗಳ ಕಥೆ ಹೇಳಿದೆ. ಮೂರನೆಯದರಲ್ಲಿ ಬಸ್ಸು ಎಷ್ಟು ವಾಲಿತು, ಹಿಂದಿನ ಸೀಟಿನ ಮುದುಕಿ ಹೇಗೆ ಶಿಲುಬೆಯ ಗುರುತು ಮಾಡಿಕೊಂಡಳು ಎಂದೆಲ್ಲ. ಅವಳು ತುತ್ತು ಕೈಯಲ್ಲೇ ಹಿಡಿದು, ನೀವು ಯಾವ ಸೀಟಿನಲ್ಲಿದ್ರಿ ಎಂದು ಕೇಳಿದಳು.

ಕಿಟಕಿ ಪಕ್ಕ, ಎಂದೆ.