ಮಾವನ ಕೆನಡಾ ಜನ್ಮ

ನಮ್ಮ ಮಾವ ಇನ್ನೂರು ವರ್ಷಗಳ ಹಿಂದೆ ಕೆನಡಾದಲ್ಲಿ ಹುಟ್ಟಿದವರು ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ಅವರು ನಂಬಿದ್ದರು!

ಕೋಡಿಂಬಾಳದಲ್ಲಿ ಅವರದೊಂದು ಮರದ ಮಿಲ್ಲು. ಒಮ್ಮೆ ಗರಗಸದ ಬ್ಲೇಡು ಹುಡುಕಲೆಂದು ಮೊಬೈಲು ಒತ್ತಿದವರಿಗೆ ಕೆನಡಾದ ಹಳೇ ಕಾಲದ ಒಬ್ಬ ಮರದ ವ್ಯಾಪಾರಿ ಸಿಕ್ಕಿದ. ಮಿಲ್ಲಿನ ಯಜಮಾನ, ಆಮೇಲೆ ಶಾಸಕ. ಫೋಟೋದಲ್ಲಿ ಸಾಕ್ಷಾತ್ ಮಾವನದೇ ಮೀಸೆ! ಇಂಗ್ಲಿಷಿನಲ್ಲಿದ್ದ ಅವನ ಚರಿತ್ರೆಯನ್ನು ನನ್ನಿಂದ ಓದಿಸಿ, ಅರ್ಥ ಹೇಳಿಸಿ, ಕೊನೆಗೆ “ಇದು ನಾನೇ ಮಾರಾಯ” ಎಂದು ಕುರ್ಚಿಗೆ ಒರಗಿದರು.

ಅಂದಿನಿಂದ ಮೇ ತಿಂಗಳಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು. ಮರ ಕೊಯ್ಯಿಸಲು ಬಂದ ಇದ್ದಿನಬ್ಬ, “ಎಂತ ಮಾರಾಯ್ರೆ, ಈ ಸೆಕೆಗೆ?” ಎಂದು ಕೇಳಿದರೆ, “ಹಳೇ ಜನ್ಮದ ಅಭ್ಯಾಸ, ಬಿಡ್ಲಿಕ್ಕೆ ಆಗುದಿಲ್ಲ” ಎಂಬ ಉತ್ತರ! ಪಂಚಾಯತ್ ಚುನಾವಣೆಗೂ ನಿಂತರು. ಮಣ್ಣು ಮುಕ್ಕಿದರು. ಸೋತ ಸಂಜೆ ಊರಿಗೆಲ್ಲ ಲಡ್ಡು ಹಂಚಿದ ಅಭ್ಯರ್ಥಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೆನಡಾದವನೂ ಮೊದಲ ಸಲ ಸೋತಿದ್ದ. ಅವನಿಗೆ ಆದದ್ದೆಲ್ಲ ತಮಗೂ ಆಗುತ್ತಿದೆ ಎಂಬ ಖುಷಿ ಇವರಿಗೆ. ಗೆದ್ದವರು ಲಡ್ಡು ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

ಅತ್ತೆ ಬಿಡಬೇಕಲ್ಲ! “ಹಾಗಾದ್ರೆ ಅಲ್ಲಿ ನಿಮ್ಮ ಹೆಂಡತಿ ಯಾರು? ನಾನಾ, ಬೇರೆ ಯಾರಾದ್ರೂ ಉಂಟಾ?”

“ಅದು ಬರೆದಿಲ್ಲ” ಎಂದು ಮಾವ ಮೀಸೆ ಸವರಿದರು.

ಬರೆದಿತ್ತು. ಓದಿ ಹೇಳಿದವನು ನಾನೇ. ಅವನ ಹೆಂಡತಿ ಹೊಟ್ಟೆಯ ಆಪರೇಷನ್ನಿನಲ್ಲಿ ತೀರಿಕೊಂಡಿದ್ದಳು.

ಈ ವರ್ಷ ಅತ್ತೆಗೆ ಹೊಟ್ಟೆನೋವು ಬಂತು. ಪುತ್ತೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಮಾವ ಅನ್ನ ಬಿಟ್ಟರು. ಅತ್ತೆಯನ್ನು ಒಳಗೆ ಕರೆದೊಯ್ಯುವಾಗ ಬಾಗಿಲಲ್ಲೇ ಡಾಕ್ಟರ ಕೈ ಹಿಡಿದುಕೊಂಡರು.

“ಡಾಕ್ಟ್ರೆ, ನಾನು ಅವನಲ್ಲ!”

“ಯಾರಲ್ಲ?”

“ಆ ಕೆನಡಾದವ. ನಂಗೂ ಅವನಿಗೂ ಎಂತ ಸಂಬಂಧವೂ ಇಲ್ಲ. ಲಡ್ಡು ಹಂಚಿದ್ದು ತಪ್ಪಾಯ್ತು!”

ಡಾಕ್ಟರು ನನ್ನ ಮುಖ ನೋಡಿದರು. ನಾನು ಮಾವನ ಕೈ ಬಿಡಿಸಿದೆ. ಬಾಗಿಲು ಮುಚ್ಚಿತು. ಮಾವ ಮಫ್ಲರು ಬಿಚ್ಚಿ ಕಸದ ಬುಟ್ಟಿಗೆ ಹಾಕಿದರು. ಮೀಸೆ ಉಳಿದಿತ್ತಲ್ಲ! ಎದುರಿನ ಕ್ಷೌರದಂಗಡಿಗೆ ಓಡಿ ಅದನ್ನೂ ಬೋಳಿಸಿಕೊಂಡು ಬಂದರು. “ಹೆಂಡತಿ ಒಳಗಿರುವಾಗ ಮೀಸೆ ತೆಗೆಯುದಾ ಮಾವ? ಅಪಶಕುನ!” ಎಂದು ನಾನು ಬೈದೆ.

“ಅವನ ಮೀಸೆ ಅವನಿಗೇ ಇರಲಿ” ಎಂದರು.

ಸಂಜೆ ಅತ್ತೆಗೆ ಎಚ್ಚರವಾಯಿತು. ಎದುರಿಗೆ ಬೋಳು ಮುಖ. ಅರೆ ಮಂಪರಿನಲ್ಲಿ ಗುರುತು ಸಿಗಲಿಲ್ಲ.

“ಇದು ಯಾರು?”

ಮಾವ ಅತ್ತೆಯ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಗಳಗಳನೆ ಅತ್ತುಬಿಟ್ಟರು.

“ಕೋಡಿಂಬಾಳದವ ಮಾರಾಯ್ತಿ. ನಿನ್ನ ಗಂಡ. ಬೇರೆ ಯಾರೂ ಅಲ್ಲ.”