ಎರಡು ಭಾಷೆಯ ಒಬ್ಬ ಅಪ್ಪ

ಕನ್ನಡ ಶಾಲೆಯ ಅಕ್ಕೋರಾಗಿ ಇಷ್ಟು ವರ್ಷ ದುಡಿದು ನನಗೆ ಗೊತ್ತಾದದ್ದು ಇಷ್ಟೇ: ನಾವು ಎಷ್ಟು ಗಂಭೀರವಾಗಿ ಕೆಲಸಕ್ಕೆ ಇಳಿಯುತ್ತೇವೋ, ಮಕ್ಕಳಿಗೆ ಅಷ್ಟೇ ಜಾಸ್ತಿ ನಗು ಸಿಗುತ್ತದೆ.

ತೊಂಬತ್ತರ ದಶಕದ ಕೊನೆ. ಇಡಗುಂದಿ ಹತ್ತಿರದ ಶಾಲೆ. ಒಂದನೇ ಇಯತ್ತೆಗೆ ಸೇರಿದ ಒಬ್ಬಳು ಹುಡುಗಿ ದೀಪಾವಳಿ ಕಳೆದರೂ ಬಾಯಿ ಬಿಟ್ಟಿರಲಿಲ್ಲ. ಮನೆಮಾತು ಕೊಂಕಣಿ. ಅಪ್ಪ ದಿನಾ ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ಅಪ್ಪನ ಹತ್ತಿರ ಪಟಪಟ ಮಾತು, ಗೇಟು ದಾಟಿದ ಕೂಡಲೇ ಬಾಯಿ ಬಂದ್.

ಅಪ್ಪ-ಮಗಳದ್ದೇ ಒಂದು ಚಿತ್ರಪುಸ್ತಕ ಮಾಡಬೇಕು, ಪ್ರತಿ ಪುಟದಲ್ಲೂ ಕನ್ನಡ, ಅದರ ಕೆಳಗೆ ಕೊಂಕಣಿ ಇರಬೇಕು ಎಂದು ನಾನು ಹಟ ಹಿಡಿದೆ.

"ಇದ್ದ ಪುಸ್ತಕವನ್ನೇ ಇವು ಓದೂದಿಲ್ಲ ಅಕ್ಕೋರೆ" ಅಂದರು ಹೆಡ್ ಮಾಸ್ತರು.

"ಹಾಗಾದ್ರೆ ಇಲ್ಲದ್ದನ್ನ ಓದ್ತಾವೇನೋ, ನೋಡುವಾ" ಅಂದೆ.

ಚಿತ್ರ

ಚಿತ್ರ ನಾನೇ ಬಿಡಿಸಿದೆ. ಅಪ್ಪನ ಹೆಗಲ ಮೇಲೆ ಮಗಳು. ತರಗತಿಯಲ್ಲಿ ಎತ್ತಿ ಹಿಡಿದು, "ಇದು ಎಂತ?" ಎಂದು ಕೇಳಿದೆ.

"ಮರ!" ಎಂದರು ಎಲ್ಲರೂ ಒಟ್ಟಿಗೆ.

ಅಳಿಸಿ ಬಿಡಿಸಿದೆ. ಮತ್ತೆ ಮರ. ಮೂರನೇ ಸಲ ವಿದ್ಯುತ್ ಕಂಬ. ನಾನೂ ಬಿಡಲಿಲ್ಲ. ಐದನೇ ಸಲ ಅಂತೂ "ಅಪ್ಪ!" ಎಂದು ಕೂಗಿದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಅನುಮಾನ ಬಂತು:

"ಅಪ್ಪನ ಹೆಗಲ ಮೇಲೆ ಮಂಗ ಯಾಕೆ ಕೂತದೆ ಅಕ್ಕೋರೆ?"

ಮಾತು

ನನ್ನ ತವರು ಸಿದ್ದಾಪುರ, ಕೊಂಕಣಿ ಬಾರದು. ಹುಡುಗಿಯ ಅಪ್ಪ ಅರಬೈಲ್ ಘಟ್ಟದಲ್ಲಿ ರಸ್ತೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿಗೇ ಹೋಗಿ, "ಅಪ್ಪ ಮಗಳನ್ನು ಪ್ರೀತಿಯಿಂದ ಹೊತ್ತುಕೊಂಡನು" ಎಂದು ಓದಿ, ಇದನ್ನು ನಿಮ್ಮ ಮಾತಲ್ಲಿ ಹೇಳಿ ಅಂದೆ.

ಅವರು ಗುದ್ದಲಿ ಊರಿಕೊಂಡು ನಿಂತರು. "ಪ್ರೀತಿ ಅಂತೆಲ್ಲ ನಾವು ಹೇಳೂದಿಲ್ಲ ಅಕ್ಕೋರೆ."

"ಹೊತ್ತುಕೊಂಡಾಗ ಮಗಳಿಗೆ ಎಂತ ಹೇಳ್ತೀರೋ ಅದನ್ನೇ ಹೇಳಿ."

ಅವರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆದುಕೊಂಡು ಬಂದೆ. ಶಾಲೆಯ ಪಕ್ಕದ ಮನೆಯ ಕೊಂಕಣಿ ಬಾಯಮ್ಮ ಕೇಳಿ ಬಿದ್ದು ಬಿದ್ದು ನಕ್ಕರು. ಅದರ ಅರ್ಥ: "ಇಳಿ ಮಾರಾಯ್ತಿ, ಕುತ್ತಿಗೆ ಮುರೀತದೆ."

ನಾನು ಕೊಂಕಣಿಯನ್ನು ಮುಟ್ಟಲಿಲ್ಲ. ಕನ್ನಡವನ್ನೇ ತಿದ್ದಿದೆ.

ಅಚ್ಚು

ಶಿರಸಿಯ ಒಂದು ಪ್ರೆಸ್ಸಿಗೆ ಕೊಟ್ಟೆ. ಕಂಪ್ಯೂಟರಿನಲ್ಲಿ ಅಕ್ಷರ ಹೊಡೆಯುವವರು ಹಾವೇರಿ ಕಡೆಯವರು, ಬಂದು ತಿಂಗಳೂ ಆಗಿರಲಿಲ್ಲ. ವಾರ ಬಿಟ್ಟು ಹೋದರೆ ಖುಷಿಯಿಂದ ಬರಮಾಡಿಕೊಂಡರು.

"ಬರ್ರಿ ಅಕ್ಕಾರ, ಕುಂದರ್ರಿ. ಪ್ರತಿ ಪುಟದಾಗ ಎರಡನೇ ಸಾಲು ಭಾಳ ತಪ್ಪಿತ್ತು ನೋಡ್ರಿ. ಪಾಪ, ಯಾರೋ ಕನ್ನಡ ಬರಲಾರದವರು ಬರದಾರ. ಎಲ್ಲಾ ತಿದ್ದಿ ಇಟ್ಟೇನ್ರಿ."

ನನ್ನ ಎರಡು ಭಾಷೆಯ ಪುಸ್ತಕ ಈಗ ಕನ್ನಡ-ಕನ್ನಡ ಆಗಿತ್ತು! ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಒಂದೊಂದು ಸಾಲನ್ನೂ ಮತ್ತೆ ಹೊಡೆಸಿ, ಸಂಜೆ ಯಲ್ಲಾಪುರದ ಕೊನೆಯ ಬಸ್ಸು ಹತ್ತಿದೆ. ಹೊರಡುವಾಗ ಅವರು ಬಾಗಿಲವರೆಗೆ ಬಂದು ನೊಂದುಕೊಂಡು ಹೇಳಿದರು:

"ತಪ್ಪಿಗೆ ನೀವ ಜವಾಬ್ದಾರ್ರು, ಮತ್ತ ನನ್ನ ಹೆಸರು ಹೇಳಬ್ಯಾಡ್ರಿ."

ಓದು

ಪುಸ್ತಕ ಬಂದ ದಿನ ಹುಡುಗಿಯ ಅಪ್ಪನನ್ನೂ ಕರೆದೆ. ನಾಲ್ಕನೇ ಇಯತ್ತೆವರೆಗೆ ಓದಿದ್ದರು. ನಾನು ಕನ್ನಡದ ಸಾಲು ಓದುವುದು, ಅವರು ಕೊಂಕಣಿಯದು ಎಂದು ಮಾತಾಯಿತು. ಅಪ್ಪನಿಗೆ ಹಸಿವಾಯಿತು ಎಂದು ನಾನು ಓದಿದೆ, ಅವರೂ ಅದನ್ನೇ ಓದಿದರು. ಅಪ್ಪ ಹೊಳೆ ದಾಟಿದ ಎಂದು ನಾನು, ಆಮೇಲೆ ಅವರು. ನಾನು ಪುಸ್ತಕ ನೋಡುತ್ತಿದ್ದುದಕ್ಕಿಂತ ಹುಡುಗಿಯ ಮುಖ ನೋಡಿದ್ದೇ ಹೆಚ್ಚು. ಅವಳು ಮಾತ್ರ ಹುಬ್ಬು ಗಂಟಿಕ್ಕಿ ಕುಳಿತಿದ್ದಳು. ಇಷ್ಟೆಲ್ಲ ಒದ್ದಾಡಿದ್ದು ನೀರಿಗೆ ಹೋಯಿತು ಅನ್ನಿಸಿ ನನ್ನ ದನಿಯೇ ಇಳಿಯಿತು.

ಆರನೇ ಪುಟಕ್ಕೆ ಅವಳು ಎದ್ದು ನಿಂತಳು. ಸ್ಪಷ್ಟ ಕನ್ನಡದಲ್ಲಿ ಕೇಳಿದಳು:

"ಅಕ್ಕೋರೆ, ಆ ಮಗಳಿಗೆ ಕಿವಿ ಕೇಳೂದಿಲ್ವಾ?"

ನಾನು ಪುಸ್ತಕ ಕೆಳಗಿಟ್ಟೆ. "ಯಾಕೆ ಪುಟ್ಟಿ?"

"ಎಲ್ಲಾ ಎರಡೆರಡು ಸಲ ಹೇಳ್ತೀರಲ್ಲ!"

ಅವಳ ಅಪ್ಪ ಕಣ್ಣೊರೆಸಿಕೊಂಡು, ಇಡೀ ತರಗತಿಗೆ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದರು:

"ಅವಳಿಗೆ ಕೇಳ್ತದೆ ಮಗಾ. ಅಕ್ಕೋರಿಗೆ ನಮ್ಮ ಮಾತು ಬರೂದಿಲ್ಲ, ಪಾಪ. ಅವರಿಗಾಗಿ ಒಂದು ಸಲ ಜಾಸ್ತಿ."