ಸರ್ಚ್ ಆಫ್ ಸ್ಟೋರ್‌ಕೀಪರ್

ಇಂಗ್ಲಿಷಿನ ಪ್ರಿಪೊಸಿಷನ್‌ಗಳ ಸೊಕ್ಕು ಮುರಿದ ಏಕೈಕ ಗಂಡಸು ನಾನು ಎಂದು ಹದಿನೈದು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದವನು ನಾನು. ನೀವೇ ಹೇಳಿ, ಇದೆಂಥ ಭಾಷೆ? ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಮರ್ಯಾದೆಯಿಂದ ಪದಕ್ಕೆ ಅಂಟಿಕೊಂಡು ಬರುತ್ತದೆ. ಅಲ್ಲಿ ಹಾಗಲ್ಲ. 'ಇಂಟರೆಸ್ಟ್' ಮಹಾಶಯರಿಗೆ 'ಇನ್' ಬೇಕಂತೆ, 'ರೀಸನ್' ದೊರೆಗಳಿಗೆ 'ಫಾರ್' ಬೇಕಂತೆ, 'ಆನ್ಸರ್' ಸಾಹೇಬರಿಗೆ 'ಟು' ಬೇಕಂತೆ! ಯಾಕೆ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಒಂದೊಂದು ನಾಮಪದಕ್ಕೂ ಒಂದೊಂದು ಬಾಲಂಗೋಚಿ ಹುಡುಕಿ ಕಟ್ಟಲು ನಾನೇನು ಗಾಳಿಪಟದ ಅಂಗಡಿ ಇಟ್ಟಿದ್ದೇನೆಯೇ? ಅದಕ್ಕೇ ನಾನೊಂದು ರಾಜಾಜ್ಞೆ ಹೊರಡಿಸಿಬಿಟ್ಟಿದ್ದೆ: ನಾಮಪದ ಯಾವುದೇ ಇರಲಿ, ಅದರ ಬೆನ್ನಿಗೊಂದು 'ಆಫ್' ಅಂಟಿಸು, ಮುಂದಕ್ಕೆ ಹೋಗು.

ನಾನು ಛತ್ರಿ ಕಾರ್ಖಾನೆಯೊಂದರಲ್ಲಿ ಪತ್ರ ವ್ಯವಹಾರದ ಗುಮಾಸ್ತ. ಕಿಟಕಿ ಪಕ್ಕದ ಕುರ್ಚಿ, ಕೈಯಿರುವ ಕುರ್ಚಿ, ಇಡೀ ಆಫೀಸಿನಲ್ಲಿ ಕಿರುಗುಟ್ಟದ ಒಂದೇ ಒಂದು ಕುರ್ಚಿ ನನ್ನದು. ನನ್ನ ಹೆಂಡತಿ ಅದೇ ಕಾರ್ಖಾನೆಯ ಸ್ಟೋರ್‌ಕೀಪರ್. ಬಟ್ಟೆ, ಕಡ್ಡಿ, ಹಿಡಿಕೆ, ಸಿದ್ಧವಾದ ಛತ್ರಿ ಎಲ್ಲವೂ ಅವಳ ಬೀಗದ ಕೈಯಲ್ಲಿ. ಲಕೋಟೆ, ಅಂಚೆಚೀಟಿಗಳೂ ಸ್ಟೋರಿನಲ್ಲೇ ಇರುವುದರಿಂದ ನನ್ನ ಪತ್ರಗಳೆಲ್ಲ ಅವಳ ಕೈ ದಾಟಿಯೇ ಮ್ಯಾನೇಜರ್ ಸಹಿಗೂ ಅಂಚೆಗೂ ಹೋಗಬೇಕು. ಈ ವಿವರವನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

"ರೀ, ಎಲ್ಲದಕ್ಕೂ ಆಫ್ ಆಫ್ ಅಂತ ಹಾಕಬೇಡಿ. ಒಂದಿನ ಅದು ನಿಮ್ಮನ್ನೇ ಆಫ್ ಮಾಡುತ್ತೆ" ಎಂದು ಅವಳು ಆಗಾಗ ಎಚ್ಚರಿಸುತ್ತಿದ್ದಳು.

"ಹದಿನೈದು ವರ್ಷದಲ್ಲಿ ನನ್ನದೊಂದು ಕಾಗದ ತಪ್ಪಿದೆ ಅಂತ ವಾಪಸ್ ಬಂದಿದೆಯಾ?" ಎಂದು ನಾನು ಮೀಸೆ ತಿರುವುತ್ತಿದ್ದೆ.

"ಇಲ್ಲ, ಬಂದಿಲ್ಲ" ಎಂದು ಅವಳು ಒಂದು ಥರಾ ನಗುತ್ತಿದ್ದಳು. ಆ ನಗೆಯನ್ನು ನಾನು ಪತಿಭಕ್ತಿ ಎಂದುಕೊಂಡಿದ್ದೆ.

ಆ ಗುರುವಾರ ಮಧ್ಯಾಹ್ನ ಮೂರು ಗಂಟೆ. ಎಂಟುನೂರು ಛತ್ರಿ ತುಂಬಿಕೊಳ್ಳಲು ಲಾರಿ ಬಂದು ನಿಂತಿದೆ. ಸ್ಟೋರಿಗೆ ಬೀಗ. ಬೀಗದ ಕೈ ಹೆಂಡತಿಯ ಹತ್ತಿರ. ಹೆಂಡತಿಯೇ ನಾಪತ್ತೆ.

"ಏನ್ರೀ, ನಿಮ್ಮ ಮನೆಯವರೆಲ್ಲಿ?" ಎಂದು ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದರು, ನಾನೇ ಅವಳನ್ನು ಡ್ರಾಯರಿನಲ್ಲಿ ಮುಚ್ಚಿಟ್ಟಿರುವ ಹಾಗೆ.

ಇಂಥ ಹೊತ್ತಿನಲ್ಲಿ ಸಾಮಾನ್ಯ ಗಂಡ ಕೂಗುತ್ತಾನೆ. ನಾನು ನೋಟಿಸು ಬರೆಯುತ್ತೇನೆ. ಕನ್ನಡದಲ್ಲಿ ಯೋಚಿಸಿದೆ: ಸ್ಟೋರ್‌ಕೀಪರಿನ ಹುಡುಕಾಟ. ಅಪ್ಪಟ ಷಷ್ಠೀ ವಿಭಕ್ತಿ. ಷಷ್ಠಿ ಎಂದ ಮೇಲೆ 'ಆಫ್' ಅಲ್ಲದೆ ಇನ್ನೇನು? 'ಅರ್ಜೆಂಟ್. ಸರ್ಚ್ ಆಫ್ ಸ್ಟೋರ್‌ಕೀಪರ್. ಗೇಟ್ ಸ್ಟಾಫ್ ಟು ಡೂ ಇಮ್ಮೀಡಿಯಟ್ಲಿ' ಎಂದು ಬರೆದೆ. ಮ್ಯಾನೇಜರ್ ಎಂದಿನಂತೆ ಓದದೆ ಸಹಿ ಹಾಕಿದರು. ಒಂದು ಪ್ರತಿ ನೋಟಿಸ್ ಬೋರ್ಡಿಗೆ, ಒಂದು ಪ್ರತಿ ಗೇಟಿಗೆ.

ಗೇಟಿನ ಕಾವಲುಗಾರನನ್ನು ನಾವೆಲ್ಲ ಕರೆಯುವುದು ಕರ್ನಲ್ ಎಂದು. ಸಹಿ ಮತ್ತು ಮೊಹರು ಇದ್ದರೆ ಸಾಕು, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಮಾಡುವ ಆಸಾಮಿ. ಮೂರೂ ಇಪ್ಪತ್ತಕ್ಕೆ ನನ್ನ ಹೆಂಡತಿ ಏದುಸಿರು ಬಿಡುತ್ತಾ ಗೇಟಿಗೆ ಬಂದಳು. ಅದು ಪಾಳಿ ಬದಲಾಗುವ ಹೊತ್ತು. ಅರವತ್ತು ಜನ ಸಾಲಾಗಿ ನಿಂತಿದ್ದರು.

"ನಿಂತ್ಕೊಳ್ಳಿ ಮೇಡಂ, ಸರ್ಚ್ ಮಾಡಬೇಕು" ಎಂದ ಕರ್ನಲ್.

"ಯಾರನ್ನ?"

"ನಿಮ್ಮನ್ನ. ಆರ್ಡರ್ ಇದೆ."

ಅವಳು ಕಾಗದ ನೋಡಿದಳು. ನನ್ನ ಅಕ್ಷರ ಗುರುತು ಹಿಡಿದಳು. ತನ್ನ ಬ್ಯಾಗನ್ನು ತಾನೇ ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಊಟದ ಡಬ್ಬಿ, ತಲೆನೋವಿನ ಮಾತ್ರೆ, ಕೆಂಪು ಪೆನ್ನು, ಕೊನೆಯಲ್ಲಿ ನನ್ನ ನಾಲ್ಕು ಪತ್ರಗಳು ಬಿದ್ದವು.

ಗಲಾಟೆ ಕೇಳಿ ಓಡಿಬಂದ ಮ್ಯಾನೇಜರ್ ಒಂದು ಪತ್ರ ಎತ್ತಿಕೊಂಡು ಜೋರಾಗಿ ಓದಿದರು. ನಮ್ಮ ಛತ್ರಿಗಳು 'ಪ್ರೊಟೆಕ್ಷನ್ ಆಫ್ ರೈನ್' ಕೊಡುತ್ತವೆ ಎಂದು ನಾನು ಬರೆದಿದ್ದೆ. 'ಆಫ್' ಮೇಲೆ ಕೆಂಪು ಗೀಟು, ಪಕ್ಕದಲ್ಲಿ 'ಫ್ರಮ್'. ಕೆಳಗೆ ಆಗಷ್ಟೇ ಟೈಪ್ ಮಾಡಿಸಿದ ಶುದ್ಧ ಪ್ರತಿ. ಆಫೀಸಿನ ಟೈಪಿಂಗ್ ಮೆಷಿನ್ ಕೆಟ್ಟಿದ್ದರಿಂದ ಅವಳು ಊಟ ಬಿಟ್ಟು ಪಕ್ಕದ ಬೀದಿಯ ಟೈಪಿಂಗ್ ಅಂಗಡಿಗೆ ಹೋಗಿದ್ದಳಂತೆ.

"ಮಳೆಯಿಂದ ಕಾಪಾಡೋ ಛತ್ರಿ ಕೇಳಿದ್ದೆ. ಇವರು ಮಳೆನೇ ಕಾಪಾಡ್ತಿದ್ದಾರೆ" ಎಂದರು ಮ್ಯಾನೇಜರ್. "ಹದಿನೈದು ವರ್ಷದಿಂದ ನಾನು ಸೈನ್ ಹಾಕ್ತಿದ್ದ ಇಂಗ್ಲಿಷ್ ಯಾರದಮ್ಮ?"

ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ಲಾರಿಗೆ ಮಾಲು ಹಾಕಿಸಿ ಸರ್. ಅರವತ್ತು ಜನರೆದುರು ಸರ್ಚ್ ಆದವಳ ಹತ್ರ ಸ್ಟೋರ್ ಕೀ ಇರಬಾರದು" ಎಂದು ಮನೆಯ ಕಡೆ ನಡೆದಳು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಾಳೆ ಹತ್ತು ಗಂಟೆಗೆ ಅವರು ಸ್ಟೋರಲ್ಲಿರಬೇಕು. ಇಲ್ಲದಿದ್ರೆ ನಿಮ್ಮ ಕುರ್ಚಿ ನಿಮ್ಮದಲ್ಲ. ಬೋರ್ಡಲ್ಲಿ ಅವಮಾನ ಮಾಡಿದ್ದೀರಿ, ಬೋರ್ಡಲ್ಲೇ ಕ್ಷಮೆ ಕೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅನ್ಯಾಯವಾದದ್ದು ಯಾರಿಗೆ? ನನಗೆ! ಮನೆಗೆ ಹೋದವನೇ ಕೇಳಿದೆ:

"ನನ್ನ ಬೆನ್ನ ಹಿಂದೆ ತಿದ್ದಿದೆಯಲ್ಲ, ಇದು ನ್ಯಾಯವಾ?"

"ಎದುರಿಗೆ ತಿದ್ದೋಕೆ ಬಿಟ್ಟಿದ್ರಾ?"

"ಸರ್ಚ್ ಆಫ್ ಅಂದ್ರೆ ಹುಡುಕಾಟ ತಾನೇ?"

"ಫಾರ್ ಹಾಕಿದ್ರೆ ಹುಡುಕಾಟ. ಆಫ್ ಹಾಕಿದ್ರೆ ತಪಾಸಣೆ. ಫಾರ್ ಹಾಕಿದ್ರೆ ನಾನು ಕಳೆದುಹೋದವಳು, ಆಫ್ ಹಾಕಿದ್ರಿ, ಕಳ್ಳಿ ಆದೆ." ಅಷ್ಟು ಹೇಳಿ ಅವಳು ಕಾಗದ, ಪೆನ್ನು ತೆಗೆದುಕೊಂಡು ಕೂತಳು. ತಪ್ಪು ನನ್ನದೇ ಎಂದು ಹೊಳೆಯಿತು, ನಿಜ. ಆದರೆ ಬಾಯಿಂದ ಮಾತು ಹೊರಡಬೇಕಲ್ಲ? ಅಹಂಕಾರ ಅಡ್ಡಗಾಲು ಹಾಕಿ ಕೂತಿತ್ತು.

ಮರುದಿನ ಎಲ್ಲರಿಗಿಂತ ಮೊದಲೇ ಆಫೀಸಿಗೆ ಹೋದೆ. ಪಾಠ ಕಲಿತಿದ್ದೆನಲ್ಲ, 'ಆಫ್' ತಂಟೆಗೇ ಹೋಗಲಿಲ್ಲ. ಎಲ್ಲಿ ನೋಡಿದರಲ್ಲಿ 'ಫಾರ್'! ದಪ್ಪ ಅಕ್ಷರದಲ್ಲಿ 'ಅಪಾಲಜಿ ಫಾರ್ ಮೈ ವೈಫ್' ಎಂದು ಬರೆದು ಬೋರ್ಡಿಗೆ ಅಂಟಿಸಿದೆ.

ಒಂಬತ್ತೂಮುಕ್ಕಾಲಿಗೆ ಬೋರ್ಡಿನ ಮುಂದೆ ಜಾತ್ರೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ರಾಜೀನಾಮೆ ಪತ್ರ ಹಿಡಿದು ಬಂದ ನನ್ನ ಹೆಂಡತಿ ಅದೇ ಗುಂಪಿನ ಹಿಂದೆ ನಿಂತು ಓದುತ್ತಿದ್ದಾಳೆ.

"ಏನ್ ಸರ್ ಇದು?" ಎಂದ ಟೈಪಿಸ್ಟ್. "ಇಂಥ ಹೆಂಡತಿ ಇದ್ದಾಳೆ, ದಯವಿಟ್ಟು ಎಲ್ಲರೂ ಕ್ಷಮಿಸಿಬಿಡಿ ಅಂದ ಹಾಗಾಯ್ತು. ಹೆಂಡತಿಗೆ ಕ್ಷಮೆ ಅಂದ್ರೆ 'ಟು' ಬೇಕಿತ್ತು."

"ಟು! ಈಗ ಟು ಬೇಕಂತೆ!" ಎಂದು ಕಿರುಚಿದೆ. "ನಿನ್ನೆ ಮಧ್ಯಾಹ್ನ ಫ್ರಮ್ ಬೇಕಿತ್ತು, ಸಂಜೆ ಫಾರ್ ಬೇಕಿತ್ತು. ಈ ಭಾಷೆ ಮನುಷ್ಯನನ್ನು ಸಂಸಾರ ಮಾಡೋಕೆ ಬಿಡುತ್ತಾ?" ನೋಟಿಸನ್ನು ಕಿತ್ತು ಮುದ್ದೆ ಮಾಡಿ ಎಸೆದೆ. ಗಡಿಯಾರದಲ್ಲಿ ಹತ್ತಕ್ಕೆ ಎರಡೇ ನಿಮಿಷ. ಹೆಂಡತಿಯ ಮುಖ ನೋಡಿದೆ. ಅಷ್ಟೂ ಜನರ ಎದುರು ಬಾಯಿಂದ ತಾನಾಗಿ ಬಂತು:

"ತಪ್ಪಾಯ್ತು ಕಣೇ."

ಅವಳು ಗುಂಪು ಸರಿಸಿಕೊಂಡು ಮುಂದೆ ಬಂದಳು.

"ಇದು ಸರಿಯಾಗಿದೆ. ಇದಕ್ಕೆ ಹಿಂದೂ ಏನೂ ಬೇಡ, ಮುಂದೂ ಏನೂ ಬೇಡ" ಎಂದು ರಾಜೀನಾಮೆ ಹರಿದು, ಮ್ಯಾನೇಜರ್ ಹತ್ತಿರವಿದ್ದ ಬೀಗದ ಕೈ ತೆಗೆದುಕೊಂಡಳು.

ನನ್ನ ಕುರ್ಚಿ ಉಳಿಯಿತು ಎಂದು ನೀವು ಸಂತೋಷಪಡುತ್ತಿರಬಹುದು. ಕುರ್ಚಿಯೇನೋ ಉಳಿಯಿತು, ಈಗ ಅದರಲ್ಲಿ ಕೂರುವವಳು ಅವಳು. ಪತ್ರ ವ್ಯವಹಾರವೂ ಅವಳದೇ, ಸ್ಟೋರೂ ಅವಳದೇ. ನಾನು ಅವಳ ಸಹಾಯಕ, ಛತ್ರಿಯ ಕಡ್ಡಿ ಎಣಿಸುವವನು.

ಮೊದಲ ದಿನ ಸಂಜೆ ಮನೆಗೆ ಹೊರಟರೆ ಗೇಟಿನಲ್ಲಿ ಕರ್ನಲ್ ಅಡ್ಡ ನಿಂತ. ಕೈಯಲ್ಲಿ ಹೊಸ ಆರ್ಡರು, ನನ್ನ ಹೆಂಡತಿಯ ಮುದ್ದಾದ ಅಕ್ಷರ: 'ಡೈಲಿ ಸರ್ಚ್ ಆಫ್ ದಿ ಅಸಿಸ್ಟೆಂಟ್.'

ಸಿಕ್ಕಿಬಿದ್ದಳು ಎಂದು ನನ್ನ ರಕ್ತ ಕುದಿಯಿತು. "ನೋಡಿದ್ಯಾ ಕರ್ನಲ್, ನಿಮ್ಮ ಮೇಡಮ್ಮಿನ ಇಂಗ್ಲಿಷು? ಇಲ್ಲಿ ಆಫ್ ಅಲ್ಲಯ್ಯ, ಫಾರ್ ಇರಬೇಕು!"

"ನಾನೂ ಹೋಗಿ ಕೇಳಿದೆ ಸರ್" ಎಂದ ಕರ್ನಲ್. "ಈ ಸಲ ಆಫೇ ಸರಿಯಂತೆ. ಕೈ ಮೇಲೆತ್ತಿ."